ನೆತ್ತರು ಹೆಚ್ಚಿದರೆ ಭಯ ಹೆಚ್ಚೀತೆ?



ಎರಡು ವರ್ಷಗಳ ಹಿಂದಿನ ದೀಪಾವಳಿಗೆ ನಾನು ರಾಮದುರ್ಗದಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ರಾತ್ರಿ ಊಟ ಮುಗಿಸಿ ಪಡಸಾಲೆಯಲ್ಲಿ ಮಲಗಿದ್ದಾಗ ಒಳಕೋಣೆಯಿಂದ ಹೆಂಗಸೊಬ್ಬಳು ಚೀರಿದ ಸದ್ದು ಕೇಳಿಸಿತು. ಗಾಬರಿಯಾಗಿ ಎದ್ದು ಹೋಗಿ ನೋಡಿದರೆ, ತಂಗಿಯ ಮಗ ಮೂವರು ಗೆಳೆಯರೊಡನೆ ಗೋಡೆಗೊರಗಿ ಕುಳಿತು ಮೊಬೈಲಿನಲ್ಲಿ ಒಂದು ಇಂಗ್ಲಿಷ್ ಸಿನಿಮಾ ನೋಡುತ್ತಿದ್ದ. ಮುಖವಾಡ ತೊಟ್ಟವನೊಬ್ಬ ಹುಡುಗಿಯನ್ನು ಚೂರಿಯಿಂದ ಇರಿಯುತ್ತಿದ್ದ. ಹುಡುಗರು ನಾಲ್ವರೂ ನಗುತ್ತಿದ್ದರು. ಆ ನೆತ್ತರಿಗಿಂತ ಈ ನಗುವೇ ನನ್ನನ್ನು ಹೆಚ್ಚು ಅಂಜಿಸಿತು.

"ಏನಪಾ, ಅಲ್ಲಿ ಒಬ್ಬಾಕಿ ಸಾಯಾಕತ್ತಾಳ, ನೀವು ನಗತೀರಿ?" ಎಂದೆ.

"ಮಾಮಾ, ಇದು ಆರನೇ ಭಾಗ. ಯಾರು ಸಾಯತಾರ, ಯಾವಾಗ ಸಾಯತಾರ ಅಂತ ನಮಗ ಮೊದಲ ಗೊತ್ತಿರತೈತಿ. ನಮಗ ಗೊತ್ತೈತಿ ಅನ್ನೂದು ಸಿನಿಮಾ ತಗದವ್ರಿಗೂ ಗೊತ್ತೈತಿ. ಅದ ಇದರ ಮಜಾ," ಎಂದ.

ಅವನ ಮಾತಿನಲ್ಲಿ ಹುರುಳಿತ್ತು. ಇಂದಿನ ನನ್ನ ಮಾತು ಆ ಮಜಾವನ್ನು ಕುರಿತದ್ದು. ಒಂದರ ಹಿಂದೊಂದು ಭಾಗವಾಗಿ ಬರುವ, ನೆತ್ತರು ಹರಿಸುವ, ತಾನು ಸಿನಿಮಾ ಎಂಬುದನ್ನು ತಾನೇ ಬಲ್ಲ ಇಂಥ ಚಿತ್ರಗಳು ಭಯವನ್ನು ಬಯಸಿ ಬಂದ ಪ್ರೇಕ್ಷಕನಿಗೆ ನಿಜವಾಗಿ ತೃಪ್ತಿ ಕೊಡುತ್ತವೆಯೆ?

ಮೊದಲು ಈ ಬಗೆಯ ಚಿತ್ರಗಳ ಹಿನ್ನೆಲೆಯನ್ನು ಸ್ವಲ್ಪ ನೋಡೋಣ. ಇಂಗ್ಲಿಷಿನಲ್ಲಿ ಇವನ್ನು 'ಸ್ಲಾಷರ್' ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಕೊಚ್ಚುವ ಚಿತ್ರ ಎನ್ನಬಹುದು. 1978ರಲ್ಲಿ ಜಾನ್ ಕಾರ್ಪೆಂಟರ್ ಅವರ 'ಹ್ಯಾಲೊವೀನ್' ಬಂದಿತು. ಅದರಲ್ಲಿ ನೆತ್ತರು ಕಡಿಮೆ, ಕಾಯಿಸುವುದೇ ಹೆಚ್ಚು. ಅದರ ಯಶಸ್ಸನ್ನು ಕಂಡು 1980ರಲ್ಲಿ ಬಂದ 'ಫ್ರೈಡೇ ದ ಥರ್ಟೀನ್ತ್' ನೆತ್ತರನ್ನು ಹೆಚ್ಚಿಸಿತು. 1989ರ ಹೊತ್ತಿಗೆ ಅದರ ಎಂಟು ಭಾಗಗಳು ಬಂದಿದ್ದವು. 1984ರ ನಾಲ್ಕನೆಯ ಭಾಗಕ್ಕೆ 'ಕೊನೆಯ ಅಧ್ಯಾಯ' ಎಂದೇ ಹೆಸರಿಟ್ಟಿದ್ದರು. ಮರುವರ್ಷವೇ ಐದನೆಯದು ಬಂದಿತು! ಪ್ರೇಕ್ಷಕನೇನು ದಡ್ಡನೆ? ಒಂಟಿಯಾಗಿ ಹೊರಗೆ ಹೋದವನು ಉಳಿಯುವುದಿಲ್ಲ, ಸತ್ತನೆಂದುಕೊಂಡ ಕೊಲೆಗಾರ ಮತ್ತೆ ಏಳುತ್ತಾನೆ ಎಂಬ ಕಟ್ಟಳೆಗಳೆಲ್ಲ ಅವನಿಗೆ ಬಾಯಿಪಾಠವಾದವು. ಆಗ, 1996ರಲ್ಲಿ, ವೆಸ್ ಕ್ರೇವನ್ ಅವರ 'ಸ್ಕ್ರೀಮ್' ಬಂದಿತು. ಅದರ ಪಾತ್ರಗಳೇ ಇಂಥ ಚಿತ್ರಗಳನ್ನು ನೋಡಿ ಬೆಳೆದ ಹುಡುಗರು. ಅವರೇ ಈ ಕಟ್ಟಳೆಗಳನ್ನು ಒಪ್ಪಿಸುತ್ತಾರೆ, ಒಪ್ಪಿಸುತ್ತಲೇ ಸಾಯುತ್ತಾರೆ. ನನ್ನ ತಂಗಿಯ ಮಗ ನೋಡುತ್ತಿದ್ದುದು 2023ರಲ್ಲಿ ಬಂದ ಅದರ ಆರನೆಯ ಭಾಗವನ್ನು.

ಇದೆಲ್ಲ ಪರದೇಶದ ಚಾಳಿ ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. 'ಸ್ಕ್ರೀಮ್' ಬರುವುದಕ್ಕೆ ಮೂರು ವರ್ಷ ಮೊದಲೇ, 1993ರಲ್ಲಿ, ಉಪೇಂದ್ರ ಅವರು ಕನ್ನಡದಲ್ಲಿ 'ಶ್!' ಎಂಬ ಚಿತ್ರ ನಿರ್ದೇಶಿಸಿದರು. ಅದರಲ್ಲಿ ಸಿನಿಮಾದವರ ತಂಡವೊಂದು ಚಿತ್ರೀಕರಣಕ್ಕೆ ಹೋದ ಜಾಗದಲ್ಲಿ ಕೊಲೆಗಳಾಗುತ್ತವೆ. ಯಾವುದು ನಟನೆ, ಯಾವುದು ನಿಜ ಎಂಬ ಗೊಂದಲದಲ್ಲಿಯೇ ಪ್ರೇಕ್ಷಕನ ಎದೆ ನಡುಗುತ್ತದೆ. ಹಾಗೆಯೇ ರಕ್ತದ ವಿಷಯಕ್ಕೆ ಬಂದರೆ, 2012ರ 'ದಂಡುಪಾಳ್ಯ'ದ ಗೆಲುವಿನ ಬೆನ್ನಿಗೆ 2017ರಲ್ಲಿ ಎರಡನೆಯ ಭಾಗ, 2018ರಲ್ಲಿ ಮೂರನೆಯ ಭಾಗ ಬಂದುವು. ನನ್ನ ವಯಸ್ಸಿನವರೂ ಸಾಚಾಗಳಲ್ಲ. ವಿಡಿಯೋ ಕ್ಯಾಸೆಟ್ಟಿನ ಕಾಲದಲ್ಲಿ, ಗಣಪತಿ ಹಬ್ಬಕ್ಕೆ ಓಣಿಯವರೆಲ್ಲ ಪಟ್ಟಿ ಕೂಡಿಸಿ ಟಿ.ವಿ., ವಿ.ಸಿ.ಪಿ. ಬಾಡಿಗೆಗೆ ತಂದು, 1984ರ 'ಪುರಾನಾ ಮಂದಿರ್' ಎಂಬ ಹಿಂದಿ ಚಿತ್ರವನ್ನು ಇಡೀ ರಾತ್ರಿ ನೋಡಿದವರು ನಾವು. ಅದರಲ್ಲಿ ರಾಕ್ಷಸನ ರುಂಡ ಒಂದು ಕಡೆ, ಮುಂಡ ಒಂದು ಕಡೆ. ಅವು ಕೂಡುವುದನ್ನು ನೋಡಲು ನಾವು ಬೆಳಗಿನ ಜಾವದವರೆಗೆ ಎಚ್ಚರವಿದ್ದೆವು.

ಆದ್ದರಿಂದ ಹುಡುಗರ ಪಕ್ಷವನ್ನೂ ನ್ಯಾಯವಾಗಿ ಹೇಳಬೇಕು. ಇಂಥ ಚಿತ್ರವನ್ನು ಯಾರೂ ಒಬ್ಬರೇ ಕುಳಿತು ನೋಡಲು ಬಯಸುವುದಿಲ್ಲ. ಗೆಳೆಯರ ಗುಂಪು ಬೇಕು. ಮುಂದೆ ಯಾರ ಸರದಿ ಎಂದು ಪಣ ಕಟ್ಟಬೇಕು, ಒಬ್ಬನು ಬೆಚ್ಚಿದರೆ ಉಳಿದವರು ಅವನನ್ನು ಚೇಷ್ಟೆ ಮಾಡಬೇಕು. ಕಟ್ಟಳೆ ಗೊತ್ತಿದ್ದವನಿಗೆ ಕಬಡ್ಡಿ ಹೆಚ್ಚು ರುಚಿಸುವ ಹಾಗೆ, ಹಳೆಯ ಭಾಗಗಳನ್ನು ನೋಡಿದವನಿಗೆ ಹೊಸ ಭಾಗದ ಚೇಷ್ಟೆ ಹೆಚ್ಚು ತಿಳಿಯುತ್ತದೆ. ಇದೂ ಒಂದು ತೃಪ್ತಿಯೇ. ಆದರೆ ಇದು ಭಯದ ತೃಪ್ತಿಯೆ?

ನಮ್ಮ ಹಿಂದಿನ ಲಾಕ್ಷಣಿಕರು ಈ ವಿಷಯದಲ್ಲಿ ಬಹಳ ಸೂಕ್ಷ್ಮವಾಗಿ ಯೋಚಿಸಿದ್ದಾರೆ. ಭರತನ ನಾಟ್ಯಶಾಸ್ತ್ರದಲ್ಲಿ ಭಯಾನಕ ಒಂದು ರಸ, ಬೀಭತ್ಸ ಇನ್ನೊಂದು ರಸ. ಭಯಾನಕದ ಬೇರು ಭಯ; ಬೀಭತ್ಸದ ಬೇರು ಜುಗುಪ್ಸೆ, ಅಂದರೆ ಹೇಸಿಗೆ. ಕರುಳು ಕಿತ್ತು ಹೊರಗೆ ಬಂದುದನ್ನು ತೋರಿಸಿದರೆ ನಮಗಾಗುವುದು ಹೇಸಿಗೆ. ಕದದ ಆಚೆ ಯಾರೋ ನಿಂತಿದ್ದಾರೆ ಎಂದು ಗೊತ್ತಾಗಿ, ಕದ ಇನ್ನೂ ತೆರೆಯದೆ ಇರುವಾಗ ಆಗುವುದು ಭಯ. ಹೇಸಿಗೆಗೆ ಒಂದು ದೋಷವಿದೆ: ಅದು ಬೇಗ ರೂಢಿಯಾಗುತ್ತದೆ. ಮೊದಲ ಭಾಗದಲ್ಲಿ ಒಂದು ಗಾಯ ಸಾಕಾದರೆ ಮೂರನೆಯದಕ್ಕೆ ಹತ್ತು ಬೇಕು. ಹತ್ತೂ ರೂಢಿಯಾದ ಮೇಲೆ ಉಳಿಯುವುದು ನಗು ಮಾತ್ರ. ತನ್ನನ್ನು ತಾನೇ ಹಾಸ್ಯ ಮಾಡಿಕೊಳ್ಳುವ ಚಿತ್ರ ಈ ಹಂತದಲ್ಲಿ ಹುಟ್ಟುತ್ತದೆ. ಅದು ಬೀಭತ್ಸವನ್ನೂ ಹಾಸ್ಯವನ್ನೂ ಕಲಸಿ ಬಡಿಸುತ್ತದೆ. ಭಯಾನಕವನ್ನು ಬಯಸಿ ಬಂದವನು ಅರೆಹೊಟ್ಟೆಯಲ್ಲಿ ಏಳುತ್ತಾನೆ. ಮುಂದಿನ ಭಾಗಕ್ಕೆ ಮತ್ತೆ ಟಿಕೆಟ್ಟು ಕೊಳ್ಳುವುದೂ ಆ ಹಸಿವಿನಿಂದಲೇ ಇರಬಹುದು.

ಕಥೆಯ ಕೊನೆ ಮೊದಲೇ ಗೊತ್ತಿರುವುದರಿಂದ ಭಯವಾಗುವುದಿಲ್ಲ ಎಂದು ಕೆಲವರು ಹೇಳಿಯಾರು. ನಮ್ಮ ಸೀಮೆಯ ಅನುಭವ ಹಾಗೆ ಹೇಳುವುದಿಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಗೆ ಹೋದವರು ಚೌಡಿಕೆಯ ಪದಗಳನ್ನು ಕೇಳಿದ್ದೀರಿ. ತಂದೆ ಜಮದಗ್ನಿಯ ಮಾತಿಗೆ ಪರಶುರಾಮ ತಾಯಿ ರೇಣುಕೆಯ ತಲೆ ಕಡಿಯುತ್ತಾನೆ. ಮಗ ತಾಯಿಯನ್ನು ಕೊಲ್ಲುವುದಕ್ಕಿಂತ ಭೀಕರವಾದ ಕಥೆ ಯಾವುದಿದೆ? ಕೊಡಲಿಯ ಏಟು ಒಂದು ಕ್ಷಣದ್ದು. ಅದಕ್ಕೆ ಮುಂಚೆ ಹಿರಿಯ ಮಕ್ಕಳು ಒಲ್ಲೆವೆಂದದ್ದು, ಆಮೇಲೆ ಮಗ ತಾಯಿಯ ಜೀವವನ್ನೇ ವರವಾಗಿ ಬೇಡಿದ್ದು, ಇವೇ ಎದೆಯಲ್ಲಿ ನಿಲ್ಲುತ್ತವೆ. ಕಿತ್ತೂರಿನ ಕಥೆಯೂ ಹಾಗೆಯೇ. 1831ರಲ್ಲಿ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು ಇಲ್ಲಿನ ಚಿಕ್ಕ ಮಕ್ಕಳಿಗೂ ಗೊತ್ತು. ಆದರೂ ನಮ್ಮವರೇ ಅವನನ್ನು ಮೋಸದಿಂದ ಹಿಡಿದುಕೊಡುವ ಭಾಗಕ್ಕೆ ಲಾವಣಿಕಾರ ಬಂದಾಗ, ಕೇಳುವವರು ಉಸಿರು ಬಿಗಿಹಿಡಿದು ಕೂಡುತ್ತಾರೆ.

ಇವೆಲ್ಲಕ್ಕಿಂತ ಹತ್ತಿರದ ಉದಾಹರಣೆ ಬೈಲಹೊಂಗಲದ 'ಸಂಗ್ಯಾ ಬಾಳ್ಯಾ'. ಪತ್ತಾರ ಮಾಸ್ತರರ ಹೆಸರಿನೊಡನೆ ಕೂಡಿಕೊಂಡಿರುವ ಈ ಸಣ್ಣಾಟ ಹೊಂಗಲ ಸೀಮೆಯಲ್ಲಿ ನಡೆದ ಒಂದು ನಿಜವಾದ ಕೊಲೆಯನ್ನು ಆಧರಿಸಿದ್ದು. ಸಂಗ್ಯಾ ಸಿರಿವಂತ, ಈರ್ಯಾನ ಹೆಂಡತಿ ಗಂಗಿಯ ಮೇಲೆ ಮನಸ್ಸಿಟ್ಟವನು. ಬಾಳ್ಯಾ ಅವನ ಜೀವದ ಗೆಳೆಯ. ಕೊನೆಗೆ ಆ ಗೆಳೆಯನೇ ಸಂಗ್ಯಾನನ್ನು ಕೊಲ್ಲುವವರ ಕೈಗೆ ಒಪ್ಪಿಸುತ್ತಾನೆ. ತಲೆಮಾರುಗಳಿಂದ ನಮ್ಮ ಜನ ಈ ಒಂದೇ ಕೊಲೆಯನ್ನು ನೋಡುತ್ತ ಬಂದಿದ್ದಾರೆ. ಎರಡನೆಯ ಭಾಗ ಬೇಕೆಂದು ಯಾರೂ ಕೇಳಲಿಲ್ಲ. ರಂಗದ ಮೇಲೆ ಚೆಲ್ಲುವ ನೆತ್ತರು ಎಷ್ಟು? ಒಂದು ಹನಿಯೂ ಇಲ್ಲ. ಆದರೆ ಸಂಗ್ಯಾ ಯಾರು, ಅವನ ತಪ್ಪೇನು, ಅವನ ಸಲಿಗೆಯ ಮಾತೇನು ಎಂಬುದನ್ನೆಲ್ಲ ರಾತ್ರಿಯಿಡೀ ಕೇಳಿದ್ದೇವೆ. ಅವನು ನಮಗೆ ಬೇಕಾದವನಾದ ಮೇಲೆ ಸಾಯುತ್ತಾನೆ. ಕರುಣೆಯಿಲ್ಲದೆ ಭಯ ಹುಟ್ಟದು ಎಂಬುದನ್ನು ನಮ್ಮ ಸಣ್ಣಾಟದವರು ಬಲ್ಲರು.

ಹಾಗಾದರೆ ಮುಂದಿನ ಭಾಗಗಳೆಲ್ಲ ಬರಿಯ ವ್ಯಾಪಾರವೆ? ಹಾಗೂ ಹೇಳಲಾಗದು. 2004ರ 'ಆಪ್ತಮಿತ್ರ'ದಲ್ಲಿ ನೆತ್ತರಿನ ಹೊಳೆ ಹರಿಯಲಿಲ್ಲ. ಮುಚ್ಚಿದ ಒಂದು ಕೋಣೆ, ನಾಗವಲ್ಲಿಯ ಗೆಜ್ಜೆಯ ಸದ್ದು, ಸೌಂದರ್ಯ ಅವರ ಕಣ್ಣು, ಇಷ್ಟರಿಂದಲೇ ಅದು ಅಂಜಿಸಿತು. 2010ರಲ್ಲಿ, ವಿಷ್ಣುವರ್ಧನ್ ಅವರು ತೀರಿಕೊಂಡ ಮೇಲೆ ತೆರೆಕಂಡ 'ಆಪ್ತರಕ್ಷಕ' ಮೊದಲ ಚಿತ್ರ ಹೇಳದೆ ಬಿಟ್ಟಿದ್ದ ರಾಜನ ಕಥೆಯನ್ನು ಎತ್ತಿಕೊಂಡಿತು. ಹೇಳುವುದು ಉಳಿದಿದ್ದರಿಂದ ಜನ ಮೆಚ್ಚಿದರು.

'ಸ್ಕ್ರೀಮ್' ಸಾಲಿನಲ್ಲಿಯೂ ಅಂಥದೊಂದು ಸನ್ನಿವೇಶವಿದೆ. 1997ರ ಎರಡನೆಯ ಭಾಗ ತೆರೆಯುವುದು ಒಂದು ಚಿತ್ರಮಂದಿರದಲ್ಲಿ. ಮೊದಲ ಭಾಗದ ಕೊಲೆಗಳ ಮೇಲೆ ತೆಗೆದ ಸಿನಿಮಾ ಅಲ್ಲಿ ನಡೆದಿದೆ. ಪ್ರೇಕ್ಷಕರು ಕೊಲೆಗಾರನ ಮುಖವಾಡ ಹಾಕಿಕೊಂಡು, ಆಟಿಗೆಯ ಚೂರಿ ಹಿಡಿದು ಕೇಕೆ ಹಾಕುತ್ತಿದ್ದಾರೆ. ಅವರ ನಡುವೆಯೇ ಒಬ್ಬ ಹೆಣ್ಣುಮಗಳಿಗೆ ನಿಜವಾದ ಇರಿತ ಬೀಳುತ್ತದೆ. ಆಕೆ ತೆರೆಯ ಮುಂದೆ ಹತ್ತಿ ನಿಂತು ಚೀರುತ್ತಾಳೆ. ಜನ ಇದೂ ಪ್ರಚಾರದ ಆಟವೆಂದುಕೊಂಡು ಸಿಳ್ಳೆ ಹಾಕುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಮೌನವಾಗುತ್ತಾರೆ. ತನ್ನನ್ನು ತಾನು ಬಲ್ಲ ಚಿತ್ರ ನಿಜವಾಗಿ ಅಂಜಿಸುವುದು ಇಲ್ಲಿ. ತನ್ನನ್ನು ಹಾಸ್ಯ ಮಾಡಿಕೊಳ್ಳುವುದನ್ನು ಬಿಟ್ಟು ಅದು ನಮ್ಮ ಕಡೆ ತಿರುಗಿ, "ನೀವೇಕೆ ನಗುತ್ತಿದ್ದೀರಿ?" ಎಂದು ಕೇಳುತ್ತದೆ. ರಾಮದುರ್ಗದ ಆ ರಾತ್ರಿ ನಾನು ಕೇಳಿದ್ದೂ ಅದನ್ನೇ.

ಈ ಪ್ರಶ್ನೆ ಬರಿಯ ಮನರಂಜನೆಯದಲ್ಲ. 'ದಂಡುಪಾಳ್ಯ' ಚಿತ್ರಗಳ ಹಿಂದೆ ಇದ್ದದ್ದು ಒಂದು ನಿಜವಾದ ತಂಡ, ಅದರ ಕೈಗೆ ಸಿಕ್ಕು ಸತ್ತ ನಿಜವಾದ ಮನುಷ್ಯರು. ಕೊಂದವರ ಹೆಸರು ಮೂರು ಭಾಗಗಳಲ್ಲಿ ಊರೂರಿಗೆ ಮುಟ್ಟಿತು. ಸತ್ತವರಲ್ಲಿ ಒಬ್ಬರ ಹೆಸರನ್ನಾದರೂ ನಮ್ಮಲ್ಲಿ ಎಷ್ಟು ಮಂದಿ ಹೇಳಬಲ್ಲೆವು? ಸಂಗ್ಯಾನೂ ಕೊಲೆಯಾದ ಮನುಷ್ಯನೇ. ಅವನ ಹೆಸರು ಮಾತ್ರ ಆಟಕ್ಕೇ ಹೆಸರಾಗಿ ಉಳಿಯಿತು. ಕೊಲೆಯ ಕಥೆಯನ್ನು ಹೇಳುವುದರಲ್ಲಿ ಇರುವ ಎರಡು ದಾರಿಗಳು ಇವು.

ಮುಂದಿನ ಬೇಸಿಗೆಯ ಜಾತ್ರೆಗೆ ತಂಗಿಯ ಮಗ ಹೊಂಗಲದ ಕಡೆಗೆ ಬಂದಿದ್ದ. ಪಕ್ಕದ ಹಳ್ಳಿಯಲ್ಲಿ ಸಂಗ್ಯಾ ಬಾಳ್ಯಾ ಇತ್ತು, ಕರೆದುಕೊಂಡು ಹೋದೆ. ನಡುರಾತ್ರಿಯವರೆಗೆ ಮೊಬೈಲು ನೋಡುತ್ತಲೇ ಕುಳಿತಿದ್ದ. ಬಾಳ್ಯಾ ಗೆಳೆಯನನ್ನು ಕರೆಯಲು ಬಂದಾಗ ಪೇಟಿಯ ಸ್ವರ ಇಳಿಯಿತು. ಹಿಂದೆ ಕುಳಿತಿದ್ದ ಮುದುಕಿಯೊಬ್ಬಳು, "ಹೋಗಬ್ಯಾಡೋ ನನ್ನಪ್ಪಾ" ಎಂದಳು. ನೋಡಿದರೆ ಇವನ ಮೊಬೈಲು ಕಿಸೆಯಲ್ಲಿತ್ತು. ಬೆಳಗಾದ ಮೇಲೆ ಚಹಾದ ಅಂಗಡಿಯಲ್ಲಿ, "ಹೆಂಗಿತ್ತೋ?" ಎಂದು ಕೇಳಿದೆ.

"ಅದು ಬ್ಯಾರೆ, ಇದು ಬ್ಯಾರೆ ಮಾಮಾ," ಎಂದ. ಸ್ವಲ್ಪ ಹೊತ್ತು ಬಿಟ್ಟು, "ಆದರ ಬಾಳ್ಯಾ ಹಂಗ ಮಾಡಬಾರದಾಗಿತ್ತು," ಎಂದ.

ಇಂಗ್ಲಿಷ್ ಚಿತ್ರಗಳನ್ನು ಅವನು ಬಿಟ್ಟಿಲ್ಲ, ಬಿಡು ಎಂದು ನಾನೂ ಹೇಳಿಲ್ಲ. ಮನೆಯಲ್ಲಿ ಮಕ್ಕಳು ಇಂಥದನ್ನು ನೋಡುವಾಗ ಕಸಿದುಕೊಳ್ಳುವುದಕ್ಕಿಂತ ಪಕ್ಕದಲ್ಲಿ ಹೋಗಿ ಕುಳಿತು, "ಈಗ ಸತ್ತವರು ಯಾರು, ಅವರ ಮನ್ಯಾಗ ಯಾರದಾರ?" ಎಂದು ಒಂದು ಮಾತು ಕೇಳಿ ನೋಡಿ. ಉತ್ತರ ಹೇಳಲು ಬರುವಂತಿದ್ದರೆ ಅದು ಒಳ್ಳೆಯ ಚಿತ್ರ, ನಿಮಗೂ ಅಂಜಿಕೆಯಾದೀತು. ಉತ್ತರವೇ ಇಲ್ಲದಿದ್ದರೆ, ಎಷ್ಟು ಭಾಗಗಳು ಬಂದರೂ ಆ ಹಸಿವು ಹಾಗೆಯೇ ಉಳಿಯುತ್ತದೆ.