ಕಾಠ್ಮಂಡುವಿನ ಪಂದ್ಯ ಮತ್ತು ನಮ್ಮ ಮನೆಯಂಗಳ

(ಕದ್ರಿಯಲ್ಲಿ ನಡೆದ ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಹೆಣ್ಣುಮಕ್ಕಳ ಆರೋಗ್ಯದ ಕುರಿತು ಮಾತಾಡಬೇಕೆಂದು ನನ್ನನ್ನು ಕೇಳಿಕೊಳ್ಳಲಾಗಿದೆ. ನಾನು ಒಂದು ಫುಟ್ಬಾಲ್ ಪಂದ್ಯದಿಂದ ಆರಂಭಿಸುತ್ತೇನೆ. ಮದ್ರಸದಲ್ಲಿ ಕಲಿತವನು ಫುಟ್ಬಾಲಿನಿಂದ ಮಾತು ತೊಡಗುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ನೆಹರೂ ಮೈದಾನದಲ್ಲಿ ಸಂಜೆ ಚೆಂಡಿನ ಹಿಂದೆ ಓಡುವ ಹುಡುಗರಲ್ಲಿ ನಮ್ಮವರೆಷ್ಟು ಎಂಬುದು ತಮಗೆಲ್ಲ ತಿಳಿದಿದೆ. ಅವರ ತಂಗಿಯರು ಎಲ್ಲಿದ್ದಾರೆ ಎಂಬುದಷ್ಟೇ ನನ್ನ ಪ್ರಶ್ನೆ.

2022ರ ಸೆಪ್ಟೆಂಬರ್ 19. ಕಾಠ್ಮಂಡುವಿನ ದಶರಥ ರಂಗಶಾಲಾ. ದಕ್ಷಿಣ ಏಷ್ಯಾ ಮಹಿಳಾ ಫುಟ್ಬಾಲ್ ಚಾಂಪಿಯನ್‌ಶಿಪ್‌ನ ಅಂತಿಮ ಪಂದ್ಯ. ಅದಕ್ಕೆ ಹಿಂದಿನ ಐದೂ ಬಾರಿ ಕಪ್ ಗೆದ್ದಿದ್ದ ಭಾರತ ಸೆಮಿಫೈನಲಿನಲ್ಲೇ ನೇಪಾಳದೆದುರು ಸೋತು ಹೊರನಡೆದಿತ್ತು. ತವರಿನ ಜನಸ್ತೋಮದ ಮುಂದೆ ನಿಂತ ನೇಪಾಳಕ್ಕೆ ಎದುರಾಳಿಯಾಗಿದ್ದುದು ಬಾಂಗ್ಲಾದೇಶ. ಪಂದ್ಯ ಆರಂಭವಾಗಿ ಹತ್ತು ನಿಮಿಷವಾಗುವಷ್ಟರಲ್ಲಿ ಬಾಂಗ್ಲಾದ ಮುಂಚೂಣಿ ಆಟಗಾರ್ತಿ ಸಿರಾತ್ ಜಹಾನ್ ಸ್ವಪ್ನಾ ಹೊರಗೆ ಬರಬೇಕಾಯಿತು. ಅವರ ಬದಲಿಗೆ ಬಂದ ಶಮ್ಸುನ್ನಹಾರ್ ಎಂಬ ಹದಿಹರೆಯದ ಹುಡುಗಿ 14ನೇ ನಿಮಿಷದಲ್ಲಿ ಗೋಲು ಹೊಡೆದಳು. ಇನ್ನೆರಡು ಗೋಲು ಕೃಷ್ಣಾ ರಾಣಿ ಸರ್ಕಾರ್ ಅವರದು. 3-1. ಕಪ್ ಎತ್ತಿದ ನಾಯಕಿ ಸಬೀನಾ ಖಾತೂನ್. ಆ ಪಂದ್ಯಾವಳಿಯಲ್ಲಿ ಆಕೆ ಒಬ್ಬರೇ ಎಂಟು ಗೋಲು ಹೊಡೆದಿದ್ದರು.

ಹೆಸರುಗಳನ್ನು ಗಮನಿಸಿದಿರಾ? ಶಮ್ಸುನ್ನಹಾರ್, ಕೃಷ್ಣಾ ರಾಣಿ, ಸಬೀನಾ. ಮಧ್ಯದ ಸಾಲಿನಲ್ಲಿದ್ದ ಮಾರಿಯಾ ಮಾಂದಾ ಗಾರೋ ಬುಡಕಟ್ಟಿನ ಹುಡುಗಿ. ಕೋಮುವಾದದ ಬೇಗೆಯಲ್ಲಿ ಬೇಯುತ್ತಿರುವ ನಮ್ಮ ಕರಾವಳಿಯವರು ಈ ಪಟ್ಟಿಯನ್ನು ಒಮ್ಮೆ ಓದಿಕೊಳ್ಳಬೇಕು.

ಆ ತಂಡದ ಎಂಟು ಮಂದಿ ಒಂದೇ ಗ್ರಾಮದವರು ಎಂಬುದು ಇನ್ನೂ ದೊಡ್ಡ ವಿಷಯ. ಮೈಮನ್‌ಸಿಂಗ್ ಜಿಲ್ಲೆಯ ಗಡಿಯಂಚಿನ ಕಲ್ಸಿಂದೂರ್. ಅಲ್ಲಿಯ ಸರಕಾರಿ ಪ್ರಾಥಮಿಕ ಶಾಲೆಯ ಅಧ್ಯಾಪಕರು ಶಾಲಾ ಬಾಲಕಿಯರ ರಾಷ್ಟ್ರೀಯ ಪಂದ್ಯಾವಳಿಗಾಗಿ ಹುಡುಗಿಯರನ್ನು ಸೇರಿಸತೊಡಗಿದರು. ಹೆಚ್ಚಿನವರು ಬಡವರ ಮಕ್ಕಳು. ಅಂತಿಮ ಪಂದ್ಯಕ್ಕೆ ಮುನ್ನ ಅದೇ ಊರಿನ ಸಂಜೀದಾ ಅಖ್ತರ್, ತಮ್ಮ ಜೊತೆಗಾರ್ತಿಯರಲ್ಲಿ ತಂದೆಯನ್ನು ಕಳಕೊಂಡವರಿದ್ದಾರೆ, ಅಕ್ಕನ ಒಡವೆ ಮಾರಿ ಆಡಲು ಬಂದವರಿದ್ದಾರೆ, ಮನೆಯ ಏಕೈಕ ದುಡಿಮೆಗಾರ್ತಿಯರಿದ್ದಾರೆ ಎಂದು ಬರೆದಿದ್ದರು. ತೆರೆದ ಬಸ್ಸಿನ ಸ್ವಾಗತ ಸಿಗದಿದ್ದರೂ ಬೇಸರವಿಲ್ಲ ಎಂಬರ್ಥದ ಮಾತೂ ಅದರಲ್ಲಿತ್ತು. ಕಪ್ ಗೆದ್ದದ್ದೇ ತಡ, ಸರಕಾರ ಬಸ್ಸೊಂದರ ಛಾವಣಿಯನ್ನೇ ಕತ್ತರಿಸಿ ತೆಗೆಸಿತು! ಢಾಕಾದ ಬೀದಿಗಳಲ್ಲಿ ಜನಸಾಗರ. 2024ರ ಅಕ್ಟೋಬರ್ 30ರಂದು ಅದೇ ಮೈದಾನದಲ್ಲಿ, ಅದೇ ನೇಪಾಳದೆದುರು 2-1ರಿಂದ ಅವರು ಮತ್ತೆ ಗೆದ್ದರು.

ಇಷ್ಟು ಹೇಳಿ ಕುಳಿತುಬಿಟ್ಟರೆ ನಾನು ಅರ್ಧಸತ್ಯ ಹೇಳಿದಂತಾಗುತ್ತದೆ. ಆ ಎರಡನೇ ಗೆಲುವಿನ ಮೂರೇ ತಿಂಗಳಲ್ಲಿ, 2025ರ ಜನವರಿಯಲ್ಲಿ, ಅದೇ ದೇಶದ ಜೋಯ್‌ಪುರ್‌ಹಾಟ್ ಜಿಲ್ಲೆಯಲ್ಲಿ ಮಹಿಳೆಯರ ಪಂದ್ಯ ನಡೆಯಬೇಕಿದ್ದ ಮೈದಾನಕ್ಕೆ ಗುಂಪೊಂದು ನುಗ್ಗಿ ಬೇಲಿಯನ್ನು ಕಿತ್ತೆಸೆಯಿತು. ಪಂದ್ಯ ನಿಂತಿತು. ಗುಂಪಿನಲ್ಲಿ ಮದ್ರಸ ವಿದ್ಯಾರ್ಥಿಗಳೂ ಇದ್ದರು. ಆ ಸುದ್ದಿ ಓದಿದ ದಿನ ನನಗೆ ತಲೆತಗ್ಗಿಸುವಂತಾಯಿತು. ಏಕೆಂದರೆ ಹಝ್ರತ್ ಆಯಿಶಾ(ರ)ರೊಂದಿಗೆ ಪ್ರವಾದಿ(ಸ)ರು ಓಟದ ಸ್ಪರ್ಧೆ ನಡೆಸಿದ್ದನ್ನು, ಒಮ್ಮೆ ಅವರು ಗೆದ್ದು ಇನ್ನೊಮ್ಮೆ ಇವರು ಗೆದ್ದುದನ್ನು ನಾನು ಕಲಿತದ್ದು ಮದ್ರಸದ ಬೆಂಚಿನಲ್ಲೇ. ಮಸೀದಿಯಲ್ಲಿ ಅಬಿಸೀನಿಯನ್ನರು ಈಟಿಯಾಟ ಆಡುತ್ತಿದ್ದಾಗ ಆಯಿಶಾ(ರ) ತೃಪ್ತಿಯಾಗುವವರೆಗೆ ನೋಡಲಿ ಎಂದು ಪ್ರವಾದಿ(ಸ)ರು ನಿಂತೇ ಇದ್ದರು ಎಂಬುದನ್ನೂ ಅಲ್ಲೇ ಕಲಿತೆ. ಬೇಲಿ ಕಿತ್ತವರು ಆ ಪಾಠದ ದಿನ ರಜೆಯಲ್ಲಿದ್ದರೇ?

ಉಡುಪಿನ ಪ್ರಶ್ನೆ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಇದೆ, ಅದು ಸಣ್ಣದಲ್ಲ. 2011ರಲ್ಲಿ ತಲೆವಸ್ತ್ರದ ಕಾರಣಕ್ಕೆ ಇರಾನಿನ ತಂಡವನ್ನು ಒಲಿಂಪಿಕ್ ಅರ್ಹತಾ ಪಂದ್ಯ ಆಡಲು ಬಿಡಲಿಲ್ಲ. ಜೋರ್ಡಾನಿನ ರಾಜಕುಮಾರ ಅಲಿ ಮುಂತಾದವರು ಹೋರಾಡಿದ ಬಳಿಕ 2014ರಲ್ಲಿ ನಿಯಮ ಬದಲಾಯಿತು. 2023ರ ವಿಶ್ವಕಪ್‌ನಲ್ಲಿ ಮೊರಾಕ್ಕೋದ ನುಹೈಲಾ ಬೆಂಝೀನಾ ಹಿಜಾಬ್ ಧರಿಸಿಯೇ ಆಡಿದರು. ಆ ದಿನ ಅವರ ತಂಡ ದಕ್ಷಿಣ ಕೊರಿಯಾವನ್ನು ಸೋಲಿಸಿತು. ಜಾಗತಿಕ ಮೈದಾನದ ಬಾಗಿಲು ತೆರೆದಿದೆ. 2022ರಲ್ಲಿ ಉಡುಪಿಯ ಕಾಲೇಜಿನ ಗೇಟಿನಾಚೆ ನಿಲ್ಲಿಸಲ್ಪಟ್ಟ ನಮ್ಮ ಹೆಣ್ಣುಮಕ್ಕಳ ಪರವಾಗಿ ನಾವು ಗಟ್ಟಿಯಾಗಿ ಮಾತಾಡಿದೆವು, ಮಾತಾಡಲೇಬೇಕಿತ್ತು. ಆದರೆ ನಮ್ಮ ಮನೆಯ ಗೇಟನ್ನು ಮುಚ್ಚಿದವರು ಯಾರು?

ನನ್ನ ಅಕ್ಕ ನನಗಿಂತ ವೇಗವಾಗಿ ಓಡುತ್ತಿದ್ದಳು. ಏಳನೇ ತರಗತಿಯಲ್ಲಿ ಅವಳ ಓಟ ನಿಂತಿತು. ಯಾರೂ ಗದರಿಸಲಿಲ್ಲ, ಫತ್ವಾ ಹೊರಡಿಸಲಿಲ್ಲ. ಶಾಲೆಯ ಕ್ರೀಡಾಕೂಟದ ದಿನ ಅವಳಿಗೆ ಮನೆಯಲ್ಲಿ ಏನಾದರೊಂದು ಕೆಲಸ ಇರುತ್ತಿತ್ತು, ಅಷ್ಟೇ. ಈಗ ಅವಳಿಗೆ ಮೊಣಕಾಲು ನೋವು, ಸಕ್ಕರೆ ಕಾಯಿಲೆ. ಬೆಳಿಗ್ಗೆ ಕದ್ರಿ ಪಾರ್ಕಿನಲ್ಲಿ ನಡೆಯಿರಿ ಎಂದು ವೈದ್ಯರು ಹೇಳಿದ್ದಾರೆ. ಈಗ ಮನೆಯಲ್ಲಿ ಎಲ್ಲರೂ ಒಪ್ಪಿದ್ದಾರೆ!

ನಮಗೆ ಇದೇನೂ ದೂರದ ಸಂಗತಿಯಲ್ಲ. ಇಲ್ಲಿಂದ ರೈಲು ಹತ್ತಿದರೆ ಕೆಲವೇ ಗಂಟೆಗಳ ದಾರಿಯ ಕಲ್ಲಿಕೋಟೆಯಲ್ಲಿ 1980ರ ಜನವರಿಯಲ್ಲೇ ಏಷ್ಯಾದ ಮಹಿಳಾ ಚಾಂಪಿಯನ್‌ಶಿಪ್ ನಡೆದಿತ್ತು. ಭಾರತದ ಹುಡುಗಿಯರು ಫೈನಲಿಗೇರಿ ತೈವಾನಿನೆದುರು 0-2ರಿಂದ ಸೋತರು. ಅದು ನಮ್ಮ ಅಜ್ಜಿಯಂದಿರು ವ್ಯಾಪಾರ, ಸಂಬಂಧ ಎಂದು ಹೋಗಿ ಬರುತ್ತಿದ್ದ ಮಲಬಾರ್.

ನಮ್ಮ ಸಮುದಾಯದ ಆಡಳಿತದಲ್ಲಿ ಶಾಲೆಗಳಿವೆ, ಶಾಲೆಗಳಿಗೆ ಆಟದ ಬಯಲೂ ಇದೆ. ವಾರಕ್ಕೆ ಎರಡು ಸಂಜೆ ಅದನ್ನು ಹುಡುಗಿಯರಿಗೆ ಬಿಟ್ಟುಕೊಟ್ಟು, ಒಬ್ಬ ದೈಹಿಕ ಶಿಕ್ಷಕಿಯನ್ನು ನೇಮಿಸಲು ಎಷ್ಟು ಖರ್ಚಾದೀತು? ಆಡಳಿತ ಸಮಿತಿಯ ಇಬ್ಬರು ಸದಸ್ಯರು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ, ಅವರು ಲೆಕ್ಕ ಹಾಕಲಿ. ಮಗ್ರಿಬ್‌ಗೆ ಇನ್ನು ಇಪ್ಪತ್ತು ನಿಮಿಷವಿದೆ. ಪ್ರಶ್ನೆಗಳಿದ್ದರೆ ಕೇಳಬಹುದು, ಮೊದಲು ಸಹೋದರಿಯರ ಕಡೆಯಿಂದ.