ಕೂದಲು ಉದುರುವಾಗ ಕ್ಯಾಲೆಂಡರ್ ತಿರುವಿ ನೋಡಿ



ತಲೆಸ್ನಾನ ಮುಗಿಸಿ ನೋಡಿದರೆ ಬಚ್ಚಲ ಜಾಲರಿಯ ತುಂಬ ಕೂದಲು! ಎದೆ ಝಲ್ಲೆನ್ನುತ್ತದೆ ಅಲ್ಲವೇ? ಊರು ಬಿಟ್ಟು ಮುಂಬಯಿಗೋ ಹೈದರಾಬಾದಿಗೋ ಬಂದ ನಾವು ಮೊದಲು ಬೈಯುವುದು ಇಲ್ಲಿನ ನೀರನ್ನು. ಆಮೇಲೆ ಶಾಂಪೂ ಬದಲಾಗುತ್ತದೆ, ಎಣ್ಣೆ ಬದಲಾಗುತ್ತದೆ, ಪಕ್ಕದ ಮನೆಯವರು ಹೇಳಿದ ಈರುಳ್ಳಿ ರಸವೂ ತಲೆಗೇರುತ್ತದೆ. ಗಡಸು ನೀರಿನಿಂದ ಕೂದಲು ಒರಟಾಗಬಹುದು, ತುಂಡಾಗಲೂಬಹುದು. ಆದರೆ ಬುಡಸಮೇತ ಹಿಡಿಹಿಡಿಯಾಗಿ ಬರುತ್ತಿದ್ದರೆ ಕ್ಯಾಲೆಂಡರನ್ನು ಎರಡು ಮೂರು ತಿಂಗಳು ಹಿಂದಕ್ಕೆ ತಿರುವಿ ನೋಡಿ.

ಏಕೆಂದರೆ ಕೂದಲಿಗೂ ಒಂದು ಕಾಲಚಕ್ರವಿದೆ. ತಲೆಯ ಮೇಲಿನ ಸುಮಾರು 1 ಲಕ್ಷ ಕೂದಲುಗಳಲ್ಲಿ ಒಂದೊಂದೂ 2ರಿಂದ 6 ವರ್ಷ ಬೆಳೆಯುತ್ತದೆ. ನಂತರ ಬೆಳವಣಿಗೆ ನಿಂತು, ಸುಮಾರು 3 ತಿಂಗಳು ವಿಶ್ರಾಂತಿಯಲ್ಲಿದ್ದು ಉದುರುತ್ತದೆ. ದಿನಕ್ಕೆ 50ರಿಂದ 100 ಕೂದಲು ಹೀಗೆ ಹೋಗುವುದು ಎಲ್ಲರಿಗೂ ಇದ್ದದ್ದೇ. ಮನಸ್ಸಿಗೋ ಮೈಗೋ ದೊಡ್ಡ ಪೆಟ್ಟು ಬಿದ್ದಾಗ ಮಾತ್ರ ಲೆಕ್ಕ ತಪ್ಪುತ್ತದೆ. ಮನೆಯಲ್ಲೊಂದು ಸಾವು, ಕೈತಪ್ಪಿದ ನೌಕರಿ, ಟೈಫಾಯ್ಡ್, ಡೆಂಗಿ, ಹೆರಿಗೆ, ಊಟ ಬಿಟ್ಟು ಮಾಡಿದ ಡಯಟ್ - ಇಂಥದ್ದಾದಾಗ ಬೆಳೆಯುತ್ತಿದ್ದ ಕೂದಲುಗಳು ಗುಂಪಾಗಿ ವಿಶ್ರಾಂತಿಗೆ ಹೋಗುತ್ತವೆ; ಉದುರುವುದೂ ಗುಂಪಾಗಿಯೇ. ವೈದ್ಯರು ಇದನ್ನು ಟೆಲೋಜನ್ ಎಫ್ಲುವಿಯಂ ಎನ್ನುತ್ತಾರೆ. 2020-21ರಲ್ಲಿ ಕೋವಿಡ್ ಗುಣವಾದ ಎಷ್ಟೋ ಮಂದಿಗೆ ಎರಡು ಮೂರು ತಿಂಗಳ ಮೇಲೆ ಆದದ್ದು ಇದೇ.

ನನ್ನದೇ ಅನುಭವ ಹೇಳುತ್ತೇನೆ. ಅಪ್ಪ ಊರಲ್ಲಿ ಆಸ್ಪತ್ರೆ ಸೇರಿದ್ದರು. ಇಲ್ಲಿ ಆಫೀಸು, ಅಲ್ಲಿ ಅವರು, ನಡುವೆ ರಾತ್ರಿ ಬಸ್ಸು. ಆ ದಿನಗಳಲ್ಲಿ ಕೂದಲು ಚೆನ್ನಾಗಿಯೇ ಇತ್ತು. ಅಪ್ಪ ಗುಣವಾಗಿ ಮನೆಗೆ ಬಂದು, ನನಗೂ ನಿದ್ದೆ ಹತ್ತತೊಡಗಿದ ಮೇಲೆ ಉದುರಲು ಶುರುವಾಯಿತು ನೋಡಿ! ದಿಂಬಿನ ಮೇಲಿನ ಕೂದಲನ್ನು ಎಣಿಸುತ್ತ ಕೂತೆ. ಎಣಿಸಿದಷ್ಟೂ ಹೆದರಿಕೆ, ಮತ್ತೆ ನಿದ್ದೆಗೇಡು. "ಮೂರು ತಿಂಗಳ ಹಿಂದೆ ಏನಾಗಿತ್ತಮ್ಮಾ?" ಎಂದು ಚರ್ಮವೈದ್ಯರು ಕೇಳಿದಾಗಲೇ ನನಗೆ ಹೊಳೆದದ್ದು. ಉದುರುತ್ತಿದ್ದದ್ದು ಹಳೆಯ ಬಾಕಿ. ಅವತ್ತಿನಿಂದ ಎಣಿಸುವುದನ್ನು ಬಿಟ್ಟೆ.

ಎಣಿಕೆ ಬಿಡಿ ಎಂದೆ, ತಪಾಸಣೆ ಬಿಡಬೇಡಿ. ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್, ಸಸ್ಯಾಹಾರಿಗಳಾದರೆ ಬಿ12 ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಊಟದ ಜೊತೆಗೇ ಚಹಾ ಕುಡಿದರೆ ಆಹಾರದ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ, ಸ್ವಲ್ಪ ಹೊತ್ತು ತಡೆಯಿರಿ. ಅಂಗಡಿಯಿಂದ ತಂದ ಬಯೋಟಿನ್ ಗುಳಿಗೆ ನುಂಗುತ್ತಿದ್ದರೆ ರಕ್ತ ಕೊಡುವ ಮುಂಚೆ ತಿಳಿಸಿ. ಅದು ಥೈರಾಯ್ಡ್ ವರದಿಯನ್ನೇ ತಪ್ಪಾಗಿ ತೋರಿಸಬಲ್ಲದು. ನಾಣ್ಯದಗಲ ನುಣ್ಣಗೆ ಬೋಳಾಗಿದ್ದರೆ, ಬೈತಲೆ ಅಗಲವಾಗುತ್ತಲೇ ಹೋದರೆ, ಆರು ತಿಂಗಳಾದರೂ ನಿಲ್ಲದಿದ್ದರೆ ಅದರ ದಾರಿಯೇ ಬೇರೆ. ಚರ್ಮವೈದ್ಯರನ್ನು ಕಾಣಲು ತಡಮಾಡಬೇಡಿ.

ಉದುರುತ್ತದೆಂದು ಹೆದರಿ ತಲೆಸ್ನಾನ ಮುಂದೂಡುವವರಿದ್ದಾರೆ. ನಾನೂ ಮಾಡಿದ್ದೆ. ನಾಲ್ಕು ದಿನದ ಕೂದಲು ಒಂದೇ ದಿನ ಕೈಗೆ ಬಂದು ಗಾಬರಿ ನಾಲ್ಕು ಪಟ್ಟಾಯಿತು, ಅಷ್ಟೇ! ಎಣ್ಣೆ ಹಚ್ಚಿ ತಲೆ ತಿಕ್ಕಿಸಿಕೊಂಡರೆ ಹಿತವಾಗಿರುತ್ತದೆ, ಧಾರಾಳವಾಗಿ ಮಾಡಿ. ವಿಶ್ರಾಂತಿಗೆ ಹೋದ ಕೂದಲನ್ನು ಮಾತ್ರ ಅದು ತಡೆದು ನಿಲ್ಲಿಸದು.

ಇನ್ನು ಒಳಗಿನ ಆತಂಕ. ಲೋಕಲ್ ಟ್ರೇನಿನ ನೂಕುನುಗ್ಗಲನ್ನು ನಾವು ನಿಲ್ಲಿಸಲಾರೆವು, ಮಲಗುವ ಹೊತ್ತನ್ನು ನಿಗದಿ ಮಾಡಬಲ್ಲೆವು. ದುಗುಡ ವಾರಗಟ್ಟಲೆ ಬಿಡದಿದ್ದರೆ ಯಾರೊಂದಿಗಾದರೂ ಮಾತನಾಡಿ. 2022ರಲ್ಲಿ ಶುರುವಾದ ಸರ್ಕಾರದ ಉಚಿತ ಸಹಾಯವಾಣಿ ಟೆಲಿ-ಮಾನಸ್ ಇದೆ, ಸಂಖ್ಯೆ 14416. ಅದರ ಸುಮಾರು ಇಪ್ಪತ್ತು ಭಾಷೆಗಳಲ್ಲಿ ಕನ್ನಡವೂ ಒಂದು. ಪರಊರಿನಲ್ಲಿ ಸಂಕಟವನ್ನು ಹಿಂದಿಗೆ ಅನುವಾದ ಮಾಡಿ ಹೇಳುವ ಕಷ್ಟ ನಿಮಗೂ ಗೊತ್ತಲ್ಲ?

ಕಾರಣ ಕಳೆದ ಮೇಲೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಲ್ಲಿ ಉದುರುವುದು ಹತೋಟಿಗೆ ಬರುತ್ತದೆ. ಹೊಸ ಕೂದಲು ಬೆಳೆಯುವುದು ತಿಂಗಳಿಗೆ 1 ಸೆಂಟಿಮೀಟರಿನಷ್ಟು ಮಾತ್ರ. ನನಗೆ ಅದು ಮೊದಲು ಕಂಡದ್ದು ಹಣೆಯಂಚಿನಲ್ಲಿ. ಎಷ್ಟು ಎಣ್ಣೆ ಸವರಿದರೂ ಕೂರದೆ, ಜಡೆಗೂ ಸಿಗದೆ, ಪುಟ್ಟ ಕೂದಲುಗಳು ನೆಟ್ಟಗೆ ನಿಂತಿದ್ದವು.