ಅಹವಾಲಿನಿಂದ ಕರೆಗೆ



ಸಭೆ ಕೂಡಿತು, ನಿರ್ಣಯಗಳಾದವು, ಪ್ರತಿನಿಧಿಗಳು ತಂತಮ್ಮ ಊರುಗಳಿಗೆ ಹಿಂದಿರುಗಿದರು. ಇದರಿಂದ ಲೋಕಕ್ಕೆ ಆದುದೇನು? ಸಮ್ಮೇಳನಗಳ ವಿಷಯದಲ್ಲಿ ನಾವೆಲ್ಲರೂ ಹೀಗೆ ಕೇಳುವುದುಂಟು. ಉತ್ತರವನ್ನು ಅರಸುವವರು ನಿರ್ಣಯದಲ್ಲಿ ಏನನ್ನು ಬರೆದರೆಂಬುದರ ಜೊತೆಗೆ, ಅದನ್ನು ಯಾರಿಗೆ ಬರೆದರೆಂಬುದನ್ನೂ ನೋಡಬೇಕು. ಆಫ್ರಿಕ ಸಂತತಿಯವರು ನೆರೆಯಿಸಿದ ಮೂರು ಸಮ್ಮೇಳನಗಳು ಇದಕ್ಕೆ ನಿದರ್ಶನ.

ಮೊದಲನೆಯದು 1900ರಲ್ಲಿ ಲಂಡನ್ನಿನಲ್ಲಿ ನಡೆಯಿತು. ಟ್ರಿನಿಡಾಡಿನಿಂದ ಬಂದು ಕಾನೂನು ವ್ಯಾಸಂಗ ಮಾಡುತ್ತಿದ್ದ ಹೆನ್ರಿ ಸಿಲ್ವೆಸ್ಟರ್ ವಿಲಿಯಮ್ಸ್ ಅದರ ಪ್ರಯೋಜಕರು. ದಕ್ಷಿಣ ಆಫ್ರಿಕದ ದೇಶೀಯ ಜನರ ಸಂಕಟವನ್ನು ವಿಕ್ಟೋರಿಯ ರಾಣಿಯವರಿಗೆ ಬಿನ್ನವಿಸಿಕೊಂಡರು. 1919ರಲ್ಲಿ ಅಮೆರಿಕದ ವಿದ್ವಾಂಸ ಡು ಬಾಯ್ಸ್ ಪ್ಯಾರಿಸ್ಸಿನಲ್ಲಿ ಸಭೆ ಸೇರಿಸಿದರು. ಆಗ ಅಹವಾಲು ಹೋದುದು ಅಲ್ಲಿಯೇ ಶಾಂತಿ ಸಂಧಾನಕ್ಕೆ ಕುಳಿತಿದ್ದ ವಿಜಯೀ ರಾಷ್ಟ್ರಗಳಿಗೆ.

ಮೂರನೆಯದು ಮ್ಯಾಂಚೆಸ್ಟರ್ ನಗರದ್ದು. 1945ರ ಅಕ್ಟೋಬರ್ ತಿಂಗಳು. ಟ್ರಿನಿಡಾಡಿನ ಜಾರ್ಜ್ ಪ್ಯಾಡ್‌ಮೋರ್, ಗೋಲ್ಡ್ ಕೋಸ್ಟಿನ ಕ್ವಾಮೆ ಎನ್‌ಕ್ರೂಮಾ, ಕೆನ್ಯದ ಜೋಮೊ ಕೆನ್ಯಾಟ ಮೊದಲಾದವರು ಅದಕ್ಕಾಗಿ ದುಡಿದರು. 77 ವರ್ಷದ ಡು ಬಾಯ್ಸರೂ ಬಂದು ಅಧ್ಯಕ್ಷಪೀಠವನ್ನೇರಿದರು. ಆದರೆ ಸಭೆಯ ಸ್ವರೂಪವೇ ಬದಲಾಗಿದ್ದಿತು. ಅದೇ ವರ್ಷ ಫೆಬ್ರವರಿಯಲ್ಲಿ ವಿಶ್ವ ಕಾರ್ಮಿಕ ಸಂಘಗಳ ಸಮ್ಮೇಳನಕ್ಕೆಂದು ವಸಾಹತುಗಳ ಕಾರ್ಮಿಕ ನಾಯಕರು ಲಂಡನ್ನಿಗೆ ಬಂದಿದ್ದರು. ಪ್ಯಾಡ್‌ಮೋರ್ ಅವರನ್ನು ಕಂಡು ಮಾತನಾಡಿ ನೆಲ ಹದ ಮಾಡಿದ್ದರು. ಹೀಗಾಗಿ ಮ್ಯಾಂಚೆಸ್ಟರಿನಲ್ಲಿ ವಿದ್ಯಾವಂತರ ಪಕ್ಕದಲ್ಲಿ ಕೂಲಿಕಾರರ ಪ್ರತಿನಿಧಿಗಳು ಕುಳಿತರು.

ಅವರ ಹಿಂದೆ ಕಹಿಯಾದ ಅನುಭವವಿದ್ದಿತು. ಎಲ್ಲ ಜನಗಳಿಗೂ ತಮ್ಮ ಸರ್ಕಾರವನ್ನು ಆರಿಸಿಕೊಳ್ಳುವ ಹಕ್ಕುಂಟೆಂದು 1941ರ ಅಟ್ಲಾಂಟಿಕ್ ಸನ್ನದು ಸಾರಿತ್ತು. ಅದರ ಲಕ್ಷ್ಯ ನಾಜಿಗಳು ಆಕ್ರಮಿಸಿದ ಯೂರೋಪೇ ಹೊರತು ಸಾಮ್ರಾಜ್ಯದ ಪ್ರಜೆಗಳಲ್ಲವೆಂದು ಚರ್ಚಿಲ್ಲರು ಪಾರ್ಲಿಮೆಂಟಿನಲ್ಲಿ ತಿಳಿಸಿಬಿಟ್ಟರು. ಯುದ್ಧಕಾಲದ ಬೆಲೆಯೇರಿಕೆಯಿಂದ ಬೆಂದ ನೈಜೀರಿಯದ ರೈಲ್ವೆ, ಅಂಚೆ ನೌಕರರಂತೂ 1945ರಲ್ಲಿ ಒಂದು ತಿಂಗಳಿಗೂ ಮಿಕ್ಕು ಮುಷ್ಕರ ಹೂಡಿದ್ದರು. ಬಿನ್ನಹಕ್ಕೆ ದೊರೆಯದ ಉತ್ತರ ನಿಂತುಹೋದ ಕೆಲಸಕ್ಕೆ ದೊರೆಯಬಹುದೆಂಬುದು ಕಣ್ಣಿಗೆ ಕಂಡಿತು.

ಮ್ಯಾಂಚೆಸ್ಟರಿನಿಂದ ಆಳುವ ರಾಷ್ಟ್ರಗಳಿಗೂ ಒಂದು ಘೋಷಣೆ ಹೊರಟಿತು, ನಿಜ. ಆದರೆ ಎನ್‌ಕ್ರೂಮಾ ಬರೆದ ಮತ್ತೊಂದು ಘೋಷಣೆ ವಸಾಹತುಗಳ ಕಾರ್ಮಿಕರನ್ನೂ ರೈತರನ್ನೂ ಬುದ್ಧಿಜೀವಿಗಳನ್ನೂ ನೇರವಾಗಿ ಸಂಬೋಧಿಸಿತು. ಮುಷ್ಕರ, ಬಹಿಷ್ಕಾರಗಳೇ ನಿಮ್ಮ ಆಯುಧವೆಂಬುದು ಅದರ ತಾತ್ಪರ್ಯ. ರಾಣಿಯನ್ನು ಬೇಡಿದ ಲೇಖನಿ ತನ್ನ ಜನವನ್ನು ಕರೆಯಿತು.

1957ರಲ್ಲಿ ಗೋಲ್ಡ್ ಕೋಸ್ಟು ಘಾನವೆಂಬ ಹೆಸರಿನಿಂದ ಸ್ವತಂತ್ರವಾಯಿತು, 1963ರಲ್ಲಿ ಕೆನ್ಯ. ಕಥೆಯನ್ನು ಇಲ್ಲಿಗೇ ಮುಗಿಸಿದರೆ ಮಂಗಳವಾಗುತ್ತದೆ, ಪೂರ್ಣವಾಗುವುದಿಲ್ಲ. 1961ರಲ್ಲಿ ಘಾನದ ಆಯವ್ಯಯ ಪತ್ರ ಕಡ್ಡಾಯ ಉಳಿತಾಯವನ್ನು ವಿಧಿಸಿತು. ಸೆಪ್ಟೆಂಬರಿನಲ್ಲಿ ಸೆಕೊಂಡಿ-ಟಾಕೊರಾಡಿಯ ರೈಲ್ವೆ ಮತ್ತು ಬಂದರು ಕಾರ್ಮಿಕರು ಮುಷ್ಕರ ಹೂಡಿದರು. ಎನ್‌ಕ್ರೂಮಾ ಸರ್ಕಾರ ಅವರ ಮುಖಂಡರನ್ನು ವಿಚಾರಣೆಯಿಲ್ಲದೆ ಸೆರೆಯಲ್ಲಿರಿಸಿತು. ಮ್ಯಾಂಚೆಸ್ಟರಿನಲ್ಲಿ ಆಯುಧವನ್ನು ತೋರಿಸಿಕೊಟ್ಟವರೇ ಅದರ ಎದುರಿಗೆ ನಿಲ್ಲಬೇಕಾಯಿತು.

ಇದರಿಂದ ಮ್ಯಾಂಚೆಸ್ಟರಿನ ಕರೆ ಸುಳ್ಳಾಯಿತೆಂದು ನಾನು ಹೇಳಲಾರೆ. ಆಳುವವರ ಬಣ್ಣ ಬದಲಾದ ಮೇಲೂ ಕೂಲಿಯವನಿಗೆ ಅದು ಬೇಕಾಯಿತೆಂದರೆ, ಅದನ್ನು ಬರೆದವರು ತಾವು ತಿಳಿದುದಕ್ಕಿಂತ ದೊಡ್ಡ ಸತ್ಯವನ್ನೇ ಬರೆದಿದ್ದರು.